ಹಾಳು ಗಾಣದ ಕುಂಬಳಕಾಯಿಗಳು

ಬೀಗರು ಊಟಕ್ಕೆ ಕೂತರು, ಸೊಳ್ಳೆ ಬೀಗರ ಮೂಗಿನ ಮೇಲೆ ಕೂತಿತು. ಪಡಸಾಲೆಯಲ್ಲಿ ಅಷ್ಟು ಜನರ ಅಷ್ಟು ಮೂಗುಗಳಿರುವಾಗ ಈ ಮುಂಡೇದಕ್ಕೆ ಅದೇ ಬೇಕಾಗಿತ್ತೇ ಎಂದು ಬಡಿಸುತ್ತಿದ್ದ ಗುರುಸಿದ್ದಮ್ಮ ಹಲ್ಲು ಕಚ್ಚಿದಳು. ಬಾಣಾವರದ ರೇವಣಸಿದ್ದಪ್ಪನವರದು ಸಾಮಾನ್ಯ ಮೂಗಲ್ಲ. ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು, ಬಾಗಿಲಲ್ಲಿ ನಿಂತವನು ಕೊಳ್ಳುವ ಗಿರಾಕಿಯೋ, ಸೀರೆಯೆಲ್ಲ ಹರವಿಸಿ ಎದ್ದು ಹೋಗುವವನೋ ಎಂದು ಮೂಸಿಯೇ ಹೇಳಬಲ್ಲ ಮೂಗು. ಮೊಮ್ಮಗಳು ಸಿರಿಯನ್ನು ಆ ಮನೆಗೆ ಕೊಟ್ಟ ಮೇಲೆ ಗುರುಸಿದ್ದಮ್ಮ ಆ ಮೂಗಿಗೆ ಹೆದರುವುದನ್ನು ಕಲಿತಿದ್ದಳು.

ರೇವಣಸಿದ್ದಪ್ಪನವರು ಎಡಗೈಯಿಂದ ಪಟ್ಟನೆ ಹೊಡೆದುಕೊಂಡರು. ಸೊಳ್ಳೆ ತಪ್ಪಿಸಿಕೊಂಡಿತು, ಕನ್ನಡಕ ತಪ್ಪಿಸಿಕೊಳ್ಳಲಿಲ್ಲ. ಹಾರಿ ಒಬ್ಬಟ್ಟಿನ ಸಾರಿನ ಬಟ್ಟಲಿಗೆ ಬಿತ್ತು.

“ಏನ್ರೀ ಬಸವಕುಮಾರ್, ಊಟಕ್ಕೆ ಕರ್ದಿದ್ದು ನನ್ನನ್ನೋ ಸೊಳ್ಳೇನೋ?”

ಗುರುಸಿದ್ದಮ್ಮನ ಮಗ ಬಸವಕುಮಾರ ತೆಂಗಿನಕಾಯಿ ಮಂಡಿಯಲ್ಲಿ ಹರಾಜು ಕೂಗುವಾಗ ಹುಲಿ, ಮಗಳ ಮಾವನ ಮುಂದೆ ಇಲಿ. “ಹೆಹೆ” ಎಂದು ಕನ್ನಡಕವನ್ನು ಸಾರಿನಿಂದ ಎತ್ತಿ ತನ್ನ ಹೊಸ ಪಂಚೆಯಲ್ಲೇ ಒರೆಸಿದ.

ಕೈ ತೊಳೆಯಲು ಹಿತ್ತಲಿಗೆ ಹೋದ ಬೀಗರು ಅಲ್ಲೇ ನಿಂತುಬಿಟ್ಟರು. ಮೋಟುಗೋಡೆಯ ಆಚೆ, ಮನೆಯ ಮಗ್ಗುಲು ಬಳಸಿ ಬೀದಿಯವರೆಗೂ ಚಾಚಿದ್ದ ಹಾಳು ಗಾಣ ಕಾಣುತ್ತಿತ್ತು. ಮೂಗು ಒಮ್ಮೆ ಅರಳಿತು, ಒಮ್ಮೆ ಮುದುಡಿತು.

“ನೋಡಿ ಗುರುಸಿದ್ದಮ್ನೋರೇ, ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ಹುಡುಗೀನ ತವರಿಗೆ ಕಳಿಸೋದು ಪದ್ಧತಿ. ಪದ್ಧತಿ ಮೀರೋನಲ್ಲ ನಾನು. ಆದ್ರೆ ಅರಸೀಕೆರೆ ತುಂಬಾ ಈ ಕೀಲುಜ್ವರ, ನಿಮ್ಮನೆ ಬೆನ್ನಿಗೇ ಅದರ ಕಾರ್ಖಾನೆ. ಬಸುರಿ ಹುಡುಗೀನ ತಂದು ಇಲ್ಲಿ ಮಲಗಿಸೋಕಾಗ್ತದಾ? ಸೋಮವಾರ ಬಂದು ನೋಡ್ತೀನಿ. ಆ ಹಾಳು ಕ್ಲೀನಾಗಿದ್ರೆ ಕಳಿಸ್ತೀನಿ. ಇಲ್ದಿದ್ರೆ ಹೆರಿಗೆ ಬಾಣಾವರದಲ್ಲೇ. ಬಾಣಂತನ ಮಾಡೋಕೆ ನಮ್ಮನೇಲೂ ಹೆಂಗಸ್ರವ್ರೆ.”

ಕೊನೆಯ ಮಾತು ಚೇಳಿನ ಬಾಲದ ಹಾಗೆ ಬಂದು ಕುಟುಕಿತು. ಎಷ್ಟು ಬಾಣಂತಿಯರ ಬೆನ್ನಿಗೆ ಬಿಸಿನೀರು ಹೊಯ್ದ ಕೈ ಇದು! ಸಿರಿ ಬಸುರಿ ಎಂದು ತಿಳಿದ ದಿನದಿಂದ ಗುರುಸಿದ್ದಮ್ಮ ಅರ್ಧ ಎಚ್ಚರದಲ್ಲಿ, ಅರ್ಧ ಕನಸಿನಲ್ಲಿ ಓಡಾಡುತ್ತಿದ್ದಳು. ಮರಿಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುವಾಗ ಹೇಳುವ ಕಥೆಗಳನ್ನೂ ಆರಿಸಿ ಇಟ್ಟಾಗಿತ್ತು. ನೆತ್ತಿಗೆ ಎಣ್ಣೆ ಒತ್ತುವಾಗ ಏಳು ಕಡಲಾಚೆಯ ಗಿಣಿಯ ಕಥೆ. ಕಾಲು ನೀವುವಾಗ ಬೆಟ್ಟ ದಾಟಿದ ಕುಂಟನ ಕಥೆ. ಸಾಂಬ್ರಾಣಿ ಹೊಗೆ ಹಾಕುವಾಗ ಮೋಡ ಕದ್ದ ಸೊಸೆಯ ಕಥೆ. ಈಗ ಆ ಕಥೆಗಳೆಲ್ಲ ಬಾಣಾವರದ ಹಾದಿ ನೋಡುತ್ತ ಒಳಗೇ ಕೊಳೆಯಬೇಕೇ?

ಎರಡು ಸಾವಿರದ ಆರನೇ ಇಸವಿಯ ಆ ಮಳೆಗಾಲದಲ್ಲಿ ಅರಸೀಕೆರೆಯೊಳಗೆ ನೆಟ್ಟಗೆ ನಡೆಯುವವರನ್ನು ಕಂಡರೆ ಜನ ತಿರುಗಿ ನೋಡುತ್ತಿದ್ದರು. ಜ್ವರ ಬಂದು ಬಿಟ್ಟರೂ ಕೀಲುನೋವು ಬಿಡುತ್ತಿರಲಿಲ್ಲ. ಹರೆಯದವರು ಮುದುಕರ ಹಾಗೆ, ಮುದುಕರು ಏಡಿಯ ಹಾಗೆ ನಡೆಯುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರನ್ನೊಬ್ಬರು ಕಂಡವರು ಕೈಮುಗಿಯಲು ಕೈ ಎತ್ತಲಾರದೆ ಹುಬ್ಬು ಎತ್ತುತ್ತಿದ್ದರು. ಗುರುಸಿದ್ದಮ್ಮನಿಗೂ ಬಂದು ಹೋಗಿತ್ತು. ರೋಗದ ಹೆಸರು ಚಿಕನ್‌ಗುನ್ಯಾ ಎಂದಾಗ ಅವಳು ಡಾಕ್ಟರಿಗೇ ಜೋರು ಮಾಡಿದ್ದಳು: “ಕೋಳಿ ಗೂಡಿನ ದಾರೀಲೂ ಹೋಗದ ಲಿಂಗವಂತರು ಕಣಪ್ಪಾ ನಾವು. ಇನ್ನೊಂದ್ಸಲ ಸರಿಯಾಗಿ ನೋಡು.”

ಸೊಳ್ಳೆಗಳ ರಾಜಧಾನಿ ಎಲ್ಲಿದೆಯೆಂದು ಗಾಣದ ಬೀದಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿತ್ತು. ಬೀದಿಗೆ ಹೆಸರು ಕೊಟ್ಟ ಎಣ್ಣೆ ಗಾಣ ನಿಂತು ತಲೆಮಾರೇ ಆಗಿತ್ತು. ಯಜಮಾನ ತೀರಿಕೊಂಡ ಮೇಲೆ ಮಕ್ಕಳಿಬ್ಬರು ಪಾಲಿಗೆ ಕಿತ್ತಾಡಿ ಒಬ್ಬ ಕಡೂರು ಸೇರಿದ, ಇನ್ನೊಬ್ಬ ದಾವಣಗೆರೆ ಸೇರಿದ. ಛಾವಣಿ ಕುಸಿಯಿತು, ಗೋಡೆಯಲ್ಲಿ ಅರಳಿ ಮೊಳೆಯಿತು, ಎಕ್ಕ, ಲಾಂಟಾನ, ಪಾರ್ಥೇನಿಯಂ ಎಲ್ಲವೂ ಬಾಡಿಗೆಯಿಲ್ಲದೆ ಸಂಸಾರ ಹೂಡಿದವು. ಅಲ್ಲಿಂದ ಹೊರಟ ಹಾವೊಂದು ಹೋಟೆಲ್ ಕೆಂಚಪ್ಪನ ಬಚ್ಚಲಲ್ಲಿ ಅವನ ಹೆಂಡತಿಗೆ ದರ್ಶನ ಕೊಟ್ಟಿತ್ತು. ಮುಸ್ಸಂಜೆಯಾದರೆ ಟ್ಯೂಷನ್ನಿಗೆ ಹೋಗುವ ಹುಡುಗಿಯರು ಆ ಬದಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ಹಾಗಾದರೆ ಕಡಿಸಿ ಎಸೆಯುವುದು ಏನು ದೊಡ್ಡ ಮಾತು ಎಂದು ಬೇರೆ ಬೀದಿಯವರು ಕೇಳಬಹುದು. ದೊಡ್ಡ ಮಾತೇ. ಗಾಣದ ಬೀದಿಯವರು ದೃಷ್ಟಿ ತೆಗೆದದ್ದನ್ನೆಲ್ಲ ತಂದು ಸುರಿಯುತ್ತಿದ್ದದ್ದು ಅಲ್ಲಿಗೇ. ಹೋಟೆಲಿನ ಮುಂದೆ ಅಮಾವಾಸ್ಯೆಗೆ ಒಡೆದ ಬೂದುಗುಂಬಳ, ಹೊಸ ಸ್ಕೂಟರಿನ ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು, ಮಕ್ಕಳಿಗೆ ನಿವಾಳಿಸಿದ ತೆಂಗಿನಕಾಯಿ, ಮನೆ ಕಟ್ಟುವಾಗ ನೇತುಹಾಕಿದ ಸುಣ್ಣದ ಬೊಟ್ಟಿನ ಕರಿಮಡಕೆ, ನಾಲಗೆ ಚಾಚಿದ ರಕ್ಕಸನ ಗೊಂಬೆ, ಎಲ್ಲವೂ ಬೇಲಿಯಾಚೆಗೆ ಹಾರಿ ಅಲ್ಲಿ ಬೀಳುತ್ತಿದ್ದವು. ಬಿದ್ದ ಮೇಲೆ ತಿರುಗಿ ನೋಡಬಾರದು. ತುಳಿದರಂತೂ ಇನ್ನೊಬ್ಬರ ಕೆಟ್ಟಕಣ್ಣು ನಮ್ಮ ಕಾಲು ಹಿಡಿದು ಮನೆಗೆ ಬರುತ್ತದೆ. ಹೀಗೆ ಬೀದಿಯವರೆಲ್ಲರ ಕಣ್ಣು ಒಂದೇ ಕಡೆ ರಾಶಿ ಬಿದ್ದಿರುವಾಗ ಕುಡುಗೋಲು ಹಿಡಿದು ಒಳಗಿಳಿಯುವ ಗಂಡು ಯಾರು? ಮಳೆ ಬಂತು, ಮಡಕೆ, ಕರಟ, ಒಣಗಿದ ಕುಂಬಳದ ಬುರುಡೆ, ಎಲ್ಲದರಲ್ಲೂ ನೀರು ನಿಂತಿತು, ಸೊಳ್ಳೆ ತೊಟ್ಟಿಲು ಕಟ್ಟಿತು.

ಮರುದಿನವೇ ಬಸವಕುಮಾರ ಎಲ್ಲಿಂದಲೋ ಜೆಸಿಬಿ ತರಿಸಿದ. ಗಂಡಸಿ ಕಡೆಯ ಗಿಡ್ಡಪ್ಪ ಅದರ ಡ್ರೈವರು. ಬಂಡೆ ಎತ್ತಿದವನು, ಬಾವಿ ಮುಚ್ಚಿದವನು ಎಂದು ಹೆಸರುವಾಸಿ. ಗಾಡಿಯನ್ನು ಬೀದಿ ನಡುಗುವ ಹಾಗೆ ತಂದು ನಿಲ್ಲಿಸಿ, ಬೇಲಿಯೊಳಗೆ ಇಣುಕಿದ. ಪೊದೆಯ ನಡುವಿನಿಂದ ಒಂಟಿ ಕೊಂಬಿನ ರಕ್ಕಸನ ಗೊಂಬೆಯೊಂದು ನಾಲಗೆ ಚಾಚಿ ಅವನನ್ನೇ ನೋಡುತ್ತಿತ್ತು. ಗಿಡ್ಡಪ್ಪ ಸದ್ದಿಲ್ಲದೆ ಇಂಜಿನ್ ಆಫ್ ಮಾಡಿದ.

“ಯಾಕಪ್ಪಾ?” ಎಂದಳು ಗುರುಸಿದ್ದಮ್ಮ.

“ಅಮ್ಮೋರೇ, ಎಂಥಾ ಬಂಡೆ ಬೇಕಾದ್ರೂ ಎತ್ತೀನಿ. ನಿಂಬೆಹಣ್ಣು ಎತ್ತಲ್ಲ.”

“ಮುಟ್ಟೋದು ನೀನಲ್ಲ, ಕಬ್ಣದ ಕೈ ಕಣೋ!”

“ಕಬ್ಣದ ಕೈ ಸಾಲದ್ದು ಅಮ್ಮೋರೇ. ಅದಕ್ಕೇನಾದ್ರೂ ಆದ್ರೆ ಬ್ಯಾಂಕ್ನೋರು ನನ್ನ ದೃಷ್ಟಿ ತೆಗೀತಾರೆ. ಮೊದ್ಲು ಇವನ್ನೆಲ್ಲಾ ತೆಗ್ಸಿ, ಆಮೇಲೆ ಕರೀರಿ. ಒಂದೇ ಗಳಿಗೇಲಿ ಅಂಗೈ ಮಾಡಿ ಕೊಡ್ತೀನಿ.”

ಅಷ್ಟಕ್ಕೇ ಸುಮ್ಮನೆ ಹೋಗಿದ್ದರೆ ಒಳ್ಳೆಯದಿತ್ತು. ಇಂಥ ಜಾಗದ ಮುಂದೆ ಗಾಡಿ ನಿಂತಿತಲ್ಲ ಎಂಬ ಹೆದರಿಕೆಗೆ ಜೇಬಿನಿಂದ ನಿಂಬೆಹಣ್ಣು ತೆಗೆದು, ಜೆಸಿಬಿಗೆ ಮೂರು ಸುತ್ತು ನಿವಾಳಿಸಿ, ಅದನ್ನೂ ಬೇಲಿಯಾಚೆಗೇ ಎಸೆದು ಹೋದ.

ಗುರುಸಿದ್ದಮ್ಮ ಸಂಜೆ ಮೀನಾಕ್ಷಿಯ ಮನೆಗೆ ಹೊರಟಳು. ಮೀನಾಕ್ಷಿ ಬೀದಿಯ ಕೊನೆಯ ಮನೆಯವಳು, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬೌದ್ಧರ ಮನೆ. ಮನೆ ಕಟ್ಟಿಸುವಾಗ ಗೊಂಬೆ, ಮಡಕೆ ಏನೂ ಕಟ್ಟದ ಬೀದಿಯ ಒಂದೇ ಮನೆ ಅದು. ಅಷ್ಟು ಚೆಂದದ ಮನೆಗೆ ಇನ್ನೇನಾಗುತ್ತದೋ ಎಂದು ಬೀದಿಯೆಲ್ಲ ಉಸಿರು ಬಿಗಿಹಿಡಿದು ಕಾದಿತ್ತು. ಏನೂ ಆಗಲಿಲ್ಲವೆಂದು ಒಂಚೂರು ಬೇಜಾರೂ ಮಾಡಿಕೊಂಡಿತ್ತು.

“ನಿಮ್ಮವ್ವ ಹನುಮಮ್ಮಂಗೆ ಹೆಂಗೈತವ್ವ?”

“ನಿಂತ್ರೆ ಕೂರಕ್ಕಾಗಲ್ಲ, ಕೂತ್ರೆ ಏಳಕ್ಕಾಗಲ್ಲ ಅಜ್ಜಿ. ಬನ್ನಿ, ಒಳಗ್ ಬನ್ನಿ.”

ಗುರುಸಿದ್ದಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಮಳೆಯ ಮಾತಾಡಿದಳು, ಕೊಬ್ಬರಿ ಧಾರಣೆಯ ಮಾತಾಡಿದಳು, ಕೊನೆಗೆ ದಾರಿಗೆ ಬಂದಳು. “ನಿಂಗೆ ದೃಷ್ಟಿ ಗಿಷ್ಟಿ ನಂಬಿಕೆ ಇಲ್ವಲ್ಲಾ ಮೀನಾಕ್ಷಮ್ಮ. ನಂಬದೋರಿಗೆ ತಗುಲೋದೂ ಇಲ್ವಂತೆ. ಅದಕ್ಕೇ... ನೀನೊಂಚೂರು ಮುಂದಾಗಿ... ಅವನ್ನೆಲ್ಲಾ ಎತ್ತಿ ಹಾಕಿದ್ರೆ...”

ಮೀನಾಕ್ಷಿ ನಕ್ಕಳು. ನಗು ಬಾಯಲ್ಲಿತ್ತು, ಕಣ್ಣಿಗೆ ಹತ್ತಲಿಲ್ಲ.

“ನಂಬಿಕೆ ನಿಮ್ದು, ಕುಂಬಳಕಾಯಿ ನಿಮ್ದು. ಎತ್ತೋಕೆ ಮಾತ್ರ ನಾನಾ ಅಜ್ಜಿ? ನಿಮ್ಮನೆ ಹೊಲಸನ್ನ ನಾವು ಎತ್ತೋ ಕಾಲ ನಮ್ಮಜ್ಜಿಗೇ ಮುಗೀತು. ಬೀದಿಯೋರೆಲ್ಲಾ ಇಳೀಲಿ, ಅವತ್ತು ನಾನೂ ಪೊರಕೆ ಹಿಡ್ಕೊಂಡು ಇಳೀತೀನಿ. ಕಾಫಿ ಕುಡೀತೀರಾ?”

ಆ ಮನೆಯಲ್ಲಿ ಇದುವರೆಗೆ ಹನಿ ನೀರೂ ಕುಡಿದಿರದ ಗುರುಸಿದ್ದಮ್ಮ ಒಂದು ಗಳಿಗೆ ತಡವರಿಸಿ ಲೋಟ ತೆಗೆದುಕೊಂಡಳು. ಕಾಫಿ ಗಂಟಲಲ್ಲಿ ಇಳಿಯಿತು. ಮಾತು ಇಳಿಯಲಿಲ್ಲ.

ಮನೆಗೆ ಬಂದು ಹುರುಳಿ ಆರಿಸಲು ಕೂತರೂ ಆ ಮಾತು ಮೊರದಲ್ಲಿ ಕಲ್ಲಿನ ಹಾಗೆ ಸಿಕ್ಕುತ್ತಲೇ ಇತ್ತು. ನಂಬಿಕೆ ನಿಮ್ದು, ಕುಂಬಳಕಾಯಿ ನಿಮ್ದು. ಹೌದಲ್ಲ, ನಮ್ದೇ. ಆಡಿಸುತ್ತಿದ್ದ ಮೊರ ನಿಂತಿತು.

“ಶಿವಗಂಗಾ,” ಎಂದು ಸೊಸೆಯನ್ನು ಕರೆದಳು, “ನಮ್ಮ ಎಂಜಲು ನಮಗೆ ಅಸಹ್ಯವೇನೇ?”

“ಇಲ್ಲತ್ತೆ.” ಸಿರಿಯ ತಾಯಿ ಶಿವಗಂಗಮ್ಮನಿಗೆ ಅತ್ತೆಯ ಇಂಥ ಪ್ರಶ್ನೆಗಳು ಹೊಸದಲ್ಲ. ಇದರ ಹಿಂದೆ ಒಂದು ಕಥೆಯೋ ಒಂದು ಕೆಲಸವೋ ಇದ್ದೇ ಇರುತ್ತದೆ. ಕಥೆಯಾಗಿರಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

“ಹಂಗಾದ್ರೆ ನಮ್ಮ ದೃಷ್ಟಿ ನಮಗ್ಯಾಕೆ ತಗುಲ್ತದೆ? ಬೇರೆಯೋರದ್ದು ಮುಟ್ಟಿದ್ರಲ್ವಾ ತೊಂದ್ರೆ? ನಮ್ಮ ಮಡಕೆ ನಾವು ಎತ್ಕೊಂಡ್ರೆ?”

“ಒಂದ್ಸಲ ತೆಗೆದ್ಮೇಲೆ ಮುಟ್ಟಿದ್ರೆ ಮತ್ತೆ ಅಂಟ್ಕೊಳ್ಳಲ್ವಾ ಅತ್ತೆ?”

“ಒಂದ್ಸಲ ಸಿಡುಬು ಎದ್ದು ಹೋದೋರಿಗೆ ಮತ್ತೆ ಎದ್ದಿದ್ದು ಕಂಡಿದ್ಯಾ?”

ಶಿವಗಂಗಮ್ಮ ಕಂಡಿರಲಿಲ್ಲ. ಕೆಲಸವೇ ಗತಿ ಎಂದು ಅವಳಿಗೆ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ, ಬೀದಿಯೆಲ್ಲ ಮನೆಯಲ್ಲೇ ಇರುವ ಹೊತ್ತು ನೋಡಿ, ಗುರುಸಿದ್ದಮ್ಮ ಸೀರೆ ಎತ್ತಿಕಟ್ಟಿ, ಕೈಯಲ್ಲಿ ಕೋಲು ಹಿಡಿದು, ಬೇಲಿಯ ಕಿಂಡಿಯಲ್ಲಿ ನುಸುಳಿದಳು. ಹಿಂದೆ ಮಂಕರಿ ಹಿಡಿದ ಶಿವಗಂಗಮ್ಮ. ಅವಳ ಹಿಂದೆ, ಬೇಲಿಯ ಹೊರಗಡೆಯೇ, ಬಸವಕುಮಾರ.

“ಅವ್ವಾ, ಬ್ಯಾಡ ಕಣವ್ವಾ” ಎಂದ.

“ಕಾಯಿ ಹೊರೋ ಟ್ರಾಕ್ಟ್ರು ತಂದು ಇಲ್ಲಿ ನಿಲ್ಸು ಹೋಗು. ನಮ್ಮನೆ ದೃಷ್ಟಿ ಇವತ್ತು ಊರಾಚೆ ಹೋಗ್ತೈತೆ.”

ಅಜ್ಜಿ ಹಾಳು ಗಾಣದೊಳಗೆ ಇಳಿದಳಂತೆ ಎಂಬ ಸುದ್ದಿ ಇಡ್ಲಿಯ ಹಬೆಗಿಂತ ಬೇಗ ಹರಡಿತು. ಜಗಲಿಗಳು ತುಂಬಿದವು. ಎಲ್ಲರೂ ಈಗ ಬಿದ್ದಳು, ಈಗ ರಕ್ತ ಕಾರಿದಳು ಎಂದು ಕಾದರು. ಗುರುಸಿದ್ದಮ್ಮ ಕೋಲಿನಲ್ಲಿ ಪೊದೆ ಬಡಿದು, ಒಂದು ಕರಿಮಡಕೆಯನ್ನು ಎತ್ತಿ, ನೀರು ಚೆಲ್ಲಿ, ಎಲ್ಲರಿಗೂ ಕಾಣುವ ಹಾಗೆ ಮೇಲೆ ಹಿಡಿದಳು.

“ಇದು ನಮ್ದು! ಬಸವಕುಮಾರ ಮಾಳಿಗೆ ಕಟ್ಟಿಸ್ದಾಗಿಂದು. ನಮ್ಮದನ್ನ ನಾವು ಮುಟ್ಟಿದ್ರೆ ಏನೂ ಆಗಲ್ಲ. ಎಲ್ಲಾರೂ ಬನ್ನಿ, ಅವರವರದ್ದು ಅವರವರು ಎತ್ಕೊಂಡು ಹೋಗಿ.”

ಒಬ್ಬರೂ ಅಲ್ಲಾಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಹೆಗಲೇ ಇಲ್ಲದವರ ಹಾಗೆ ಎಲ್ಲರೂ ನಿಂತಿದ್ದರು. “ನಮ್ದೇನೂ ಇಲ್ಲಪ್ಪಾ ಅಲ್ಲಿ” ಎಂದರು ಒಬ್ಬರು. “ನಾವು ಕೆರೆಗೆ ಹಾಕ್ತಿದ್ವಿ” ಎಂದರು ಇನ್ನೊಬ್ಬರು. ತನ್ನ ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಕೆಂಚಪ್ಪ ಆಕಾಶ ನೋಡಿದ.

ಗುರುಸಿದ್ದಮ್ಮ ಸುತ್ತಲೂ ಕಣ್ಣು ಹಾಯಿಸಿದಳು. ತಮ್ಮ ಮನೆಯದನ್ನಷ್ಟೇ ಎತ್ತಿದರೆ ಈ ಹಾಳಿನ ಮೂಲೆಯೂ ಖಾಲಿಯಾಗುವುದಿಲ್ಲ. ನಾಳೆ ಸೋಮವಾರ. ಆದರೆ ಇಳಿದಾಗಿದೆ. ಇನ್ನೊಂದು ಮಡಕೆ ಎತ್ತಿದಳು, “ಇದೂ ನಮ್ದು.” ಒಡಕು ತೆಂಗಿನಕಾಯಿ ಎತ್ತಿದಳು, “ಇದು ಸಿರಿ ಪಿಯುಸಿ ಪಾಸಾದಾಗಿಂದು.” ಕುಂಬಳದ ಬುರುಡೆ ಸಿಕ್ಕಿತು. “ಇದು ಸ್ಕೂಟರಿಂದು. ಅಯ್ಯಯ್ಯೋ, ಏನ್ ಶಿವಗಂಗಾ, ಎಲ್ಲಾ ನಮ್ದೇ ಐತಲ್ಲೇ!” ಎಂದು ನಿಜವಾಗಿಯೂ ನಾಚಿಕೆಯಾಗಿ, ಸುಮ್ಮನೆ ಬಾಯಿಗೆ ಬಂದದ್ದನ್ನು ಸೇರಿಸಿದಳು: “ಈ ಬೀದೀಲಿ ಕಣ್ಣು ಬೀಳೋದೆಲ್ಲಾ ನಮ್ಮನೆ ಮೇಲೇನಾ?”

ಜಗಲಿಗಳಲ್ಲಿ ಏನೋ ಸರಿದಾಡಿತು.

ಕಥೆ ಹೇಳುವವಳ ಕಿವಿ ಅದು. ಕೇಳುವವರು ಯಾವ ಮಾತಿಗೆ ಮುಂದಕ್ಕೆ ಬಾಗುತ್ತಾರೆ ಎಂದು ಬೆನ್ನು ತಿರುಗಿಸಿ ಕೂತರೂ ಗೊತ್ತಾಗುತ್ತದೆ. ಗುರುಸಿದ್ದಮ್ಮ ನಿಧಾನಕ್ಕೆ ತಿರುಗಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟಳು.

“ಏನ್ ಮಾಡೋದವ್ವಾ. ಇದ್ದೋರ ಮೇಲೇ ಅಲ್ವಾ ಕಣ್ಣು ಬೀಳೋದು. ಇಲ್ದೋರ ಮೇಲೆ ಯಾರ್ ಹಾಕ್ತಾರೆ? ಪಾಪ, ಬೇರೆ ಮನೆಯೋರದ್ದು ಅಂತ ಒಂದು ನಿಂಬೆಹಣ್ಣೂ ಇಲ್ವಲ್ಲಾ ಇಲ್ಲಿ.” ಬಗ್ಗಿ, ಪೊದೆಯೊಳಗಿಂದ ಒಂಟಿ ಕೊಂಬಿನ ರಕ್ಕಸನ ಗೊಂಬೆಯನ್ನು ಎಳೆದು ಕಂಕುಳಿಗಿಟ್ಟಳು. “ಇದೂ ನಮ್ದೇ ಇರ್ಬೇಕು.”

“ಅಜ್ಜೀ!” ಕೆಂಚಪ್ಪ ಸೌಟು ಹಿಡಿದೇ ಬೀದಿಗೆ ಹಾರಿದ. “ಅದು ನಮ್ದು! ನಮ್ಮ ಹೋಟ್ಲು ಮುಂದೆ ಇದ್ದಿದ್ದು! ಒಂದು ಕೊಂಬು ಲಾರಿ ತಗುಲಿ ಮುರ್ದಿದ್ದು, ಊರಿಗೇ ಗೊತ್ತು!”

“ಹೋಗೋ ಕೆಂಚಪ್ಪ. ನಿನಗ್ಯಾರು ಕಣ್ಣು ಹಾಕ್ತಾರೆ? ನಿನ್ ಇಡ್ಲಿಗಾ? ಅದನ್ನ ನೋಡಿ ಕಣ್ಣು ಮುಚ್ಕೊಂಡೋರೇ ಜಾಸ್ತಿ.”

ಬೀದಿ ಹೋ ಎಂದು ನಕ್ಕಿತು. ಕೆಂಚಪ್ಪನ ಮುಖ ಕೆಂಪಾಯಿತು. “ನನ್ ಇಡ್ಲಿಗೆ ಕಣ್ಣು ಹಾಕಿ ಹಾಕೀನೇ ಎರಡು ಗ್ರೈಂಡರು ಸುಟ್ಟೋಗವೆ! ತಿಂಗ್ಳಿಗೊಂದು ಕುಂಬಳಕಾಯಿ ಒಡ್ದಿದ್ದೀನಿ! ಅಲ್ಲಿರೋದ್ರಲ್ಲಿ ಅರ್ಧ ನಮ್ದು, ತಿಳ್ಕೊಳ್ಳಿ!” ಎನ್ನುತ್ತ ಬೇಲಿಯನ್ನೇ ಕಿತ್ತೊಗೆದು ಒಳಗೆ ನುಗ್ಗಿದ. ಗೊಂಬೆಯನ್ನು ಅವಳ ಕಂಕುಳಿನಿಂದ ಸೆಳೆದು ಎದೆಗೊತ್ತಿಕೊಂಡ.

ಆಮೇಲೆ ನಡೆದದ್ದು ಕಟ್ಟೆಯೊಡೆದ ಕೆರೆ. ಕೆಂಚಪ್ಪನಿಗೆ ಅರ್ಧ ಹೋದರೆ ತಮಗೇನು ಉಳಿಯಿತು ಎಂದು ದರ್ಜಿ ಬೋರಯ್ಯನ ಹೆಂಡತಿ ಇಳಿದಳು. “ನಮ್ಮ ಹುಡುಗ ಬೆಳ್ಳಗೆ ಹುಟ್ಟಿದಾಗ ಯಾರ್ಯಾರು ಹೊಟ್ಟೆ ಉರ್ಕೊಂಡ್ರು ನಂಗೊತ್ತಿಲ್ವಾ? ಆ ಕಾಯೆಲ್ಲಾ ನಮ್ದು” ಎಂದು ಕರಟಗಳನ್ನು ಮಡಿಲಿಗೆ ತುಂಬಿದಳು. ಕೆರೆಗೆ ಹಾಕುತ್ತಿದ್ದೆವು ಎಂದವರು ಕೆರೆ ಮರೆತು ಮಂಕರಿ ತಂದರು. ಹಿಂದಿನ ದಿನದವರೆಗೆ ಬೆನ್ನು ಎತ್ತಲಾರದೆ ನರಳುತ್ತಿದ್ದವರು ಪಕ್ಕದ ಮನೆಯವರಿಗೆ ಒಂದು ಮಡಕೆ ಹೆಚ್ಚು ಸಿಕ್ಕಿದ್ದು ಕಂಡು ನೆಟ್ಟಗಾದರು. ಇಬ್ಬರು ಓರಗಿತ್ತಿಯರು ಒಂದು ಹರಕು ಚಪ್ಪಲಿಗೆ ಜಗ್ಗಾಡಿದರು. ಒಬ್ಬ ತುಕ್ಕು ಹಿಡಿದ ಟಿನ್ನಿನ ಡಬ್ಬವನ್ನು ಹೊತ್ತು ಹೊರಟಾಗ “ಅದು ದೃಷ್ಟಿದಲ್ವಲ್ಲೋ, ಬಣ್ಣದ ಡಬ್ಬ” ಎಂದು ಯಾರೋ ಕೂಗಿದರು. “ಬಣ್ಣ ಬಳ್ದಾಗ್ಲೇ ಕಣ್ಣು ಬಿದ್ದಿದ್ದು” ಎಂದು ಅವನು ಟ್ರಾಕ್ಟರಿಗೆ ಎಸೆದ.

ಗುರುಸಿದ್ದಮ್ಮ ನಡುವೆ ನಿಂತು ಒಂದೊಂದೇ ಕಿಡಿ ಎಸೆಯುತ್ತಿದ್ದಳು. “ಆ ಮೂಲೇಲಿ ಇರೋದೆಲ್ಲಾ ನಮ್ದೇ ಇರ್ಬೇಕು” ಎಂದರೆ ಸಾಕು, ಆ ಮೂಲೆ ಖಾಲಿ.

ಇಂಥ ಹೊತ್ತಿಗೆ ಬೀದಿಯ ತುದಿಯಲ್ಲಿ ಕೊಡೆ ಕಾಣಿಸಿತು. ಕೊಡೆಯ ಕೆಳಗೆ ರೇವಣಸಿದ್ದಪ್ಪನವರು. ಸೋಮವಾರ ಬರುತ್ತೇನೆಂದು ಹೇಳಿ ಭಾನುವಾರದ ಪ್ಯಾಸೆಂಜರಿಗೇ ಬಂದಿಳಿದಿದ್ದರು. ಅಂಗಡಿಯವರ ಬುದ್ಧಿ, ಹೇಳಿದ ದಿನ ಬಂದರೆ ಸರಕಿನ ಮೇಲಿನ ಪದರ ಮಾತ್ರ ಕಾಣುತ್ತದೆ ಎಂದು. ಗುರುಸಿದ್ದಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮೊಣಕಾಲವರೆಗೆ ಕೆಸರು, ತಲೆಯಲ್ಲಿ ಲಾಂಟಾನದ ಹೂವು, ಕೈಯಲ್ಲಿ ಒಡಕು ಮಡಕೆ. ಬೀಗರ ಮುಂದೆ ಹೀಗೆ ನಿಂತ ಹೆಂಗಸು ಯಾವ ಕಥೆಯಲ್ಲೂ ಇಲ್ಲ.

“ಏನಿದು?” ಎಂದರು ಬೀಗರು.

ಉತ್ತರ ಕೊಟ್ಟವನು ಕೆಂಚಪ್ಪ. “ನೋಡಿ ಸಾರ್ ನ್ಯಾಯಾನ! ಈ ಬೀದೀಲಿ ಎಲ್ಲಾರ್ಗಿಂತ ಜಾಸ್ತಿ ಕಣ್ಣು ಬಿದ್ದಿರೋದು ನಿಮ್ಮ ಬೀಗರ ಮನೆಗಂತೆ! ನಾವೆಲ್ಲಾ ಏನು ಬೂದಿ ತಿನ್ಕೊಂಡಿದ್ವಾ?”

ರೇವಣಸಿದ್ದಪ್ಪನವರು ಕೆಂಚಪ್ಪನನ್ನು ನೋಡಿದರು, ಅವನ ಎದೆಯ ಮೇಲಿನ ರಕ್ಕಸನನ್ನು ನೋಡಿದರು, ಟ್ರಾಕ್ಟರ್ ನೋಡಿದರು. ಬೀಗರು ಕೊಡೆ ಮಡಚಿದರು.

“ಬೀಳದೆ ಏನ್ರೀ? ನಮ್ಮ ಸೊಸೆ ಹುಟ್ಟಿ ಬೆಳೆದ ಮನೆ ಅದು. ಬಾಣಾವರದ ರೇವಣಸಿದ್ದಪ್ಪ ಹುಡುಕ್ಕೊಂಡು ಬಂದು ಸಂಬಂಧ ಮಾಡಿದ ಮನೆ! ಅದಕ್ಕೆ ಬೀಳ್ದೆ ನಿಮ್ಮ ಹೋಟ್ಲಿಗೆ ಬೀಳ್ತದಾ?” ಎಂದು ಕೊಡೆಯನ್ನು ಬಸವಕುಮಾರನ ಕೈಗೆ ತುರುಕಿ, ಪಂಚೆ ಎತ್ತಿಕಟ್ಟಿ, ಹಾಳು ಗಾಣಕ್ಕೆ ಇಳಿದೇಬಿಟ್ಟರು. “ಎಲ್ಲಿ, ನಮ್ಮ ಬೀಗರದ್ದು ಯಾವ್ಯಾವ್ದು ಉಳ್ದೈತೆ ತೋರ್ಸಿ!”

ಮೂಗು ಮುಂದೆ, ಬೀಗರು ಹಿಂದೆ. ಅರ್ಧ ಬಿದ್ದ ಗೋಡೆಯ ಮಗ್ಗುಲಿಗೆ ಹೋಗುತ್ತಲೇ ಮೂಗು ನಿಂತಿತು. “ಇಲ್ಲೇನೋ ಕೊಳೀತೈತೆ” ಎಂದರು. ಗಂಡಸರು ಬಳ್ಳಿ ಕತ್ತರಿಸಿ ಎಳೆದರು. ಒಳಗೆ ಹಳೆಯ ಗಾಣದ ಕಲ್ಲಿನ ಒರಳು, ಆನೆ ಕೂತರೂ ಹಿಡಿಸುವಷ್ಟು ದೊಡ್ಡದು, ಬಾಯಿ ತುಂಬ ಹಸಿರು ನೀರು. ನೀರು ತನ್ನಷ್ಟಕ್ಕೆ ಮಿಸುಕುತ್ತಿತ್ತು.

ಗದ್ದಲ ಅಡಗಿತು. ಅದು ಯಾರದೂ ಅಲ್ಲ. ಯಾರ ಮನೆಯಿಂದಲೂ ಬಂದದ್ದಲ್ಲ. ಅದನ್ನು ತಮ್ಮದೆನ್ನಲು ಯಾರ ಹೆಮ್ಮೆಗೂ ಕಾರಣವಿರಲಿಲ್ಲ. ಒಬ್ಬೊಬ್ಬರೇ ಹಿಂದೆ ಸರಿದರು. ಕೆಂಚಪ್ಪನೂ ರಕ್ಕಸನೂ ಸರಿದರು.

“ಹುಳಗಳು ನೋಡಿ. ನಮ್ಮವ್ವಂಗೆ ಬಂದ ಜ್ವರ ಹುಟ್ಟಿದ್ದು ಇಂಥದ್ರಲ್ಲೇ.” ಮೀನಾಕ್ಷಿ ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಳು, ಕೈಯಲ್ಲಿ ಹೇಳಿದಂತೆಯೇ ಪೊರಕೆ ಇತ್ತು. ಆದರೆ ಅವಳೂ ಒರಳಿನ ಹತ್ತಿರ ಹೋಗಲಿಲ್ಲ. ಗುರುಸಿದ್ದಮ್ಮನ ಮುಖ ನೋಡುತ್ತ ನಿಂತಳು.

ಜಗಲಿಯ ಕಡೆಯಿಂದ ಯಾರೋ ಮೆಲ್ಲಗೆ ಹೇಳಿದರು, “ಮೇಡಮ್ನೋರಿಗೆ ಹೆಂಗೂ ಅವೆಲ್ಲಾ ತಗುಲಲ್ವಲ್ಲಾ...”

“ಬಾಯ್ಮುಚ್ಚು” ಎಂದಳು ಗುರುಸಿದ್ದಮ್ಮ. ಅದೇ ಮಾತನ್ನು ಮೊನ್ನೆ ತಾನೇ ಆಡಿದ್ದವಳ ದನಿ ಸ್ವಲ್ಪ ಹೆಚ್ಚೇ ಜೋರಾಯಿತು. “ಶಿವಗಂಗಾ, ಅಡಿಗೆಮನೇದು ಎರಡು ಹಿಡಿಕೆ ಕೊಳದಪ್ಪಲೆ ತಗೊಂಡ್ ಬಾ.”

“ಅಡಿಗೆಮನೇದಾ ಅತ್ತೆ?”

“ಅದೇ ದೊಡ್ಡದು. ಬಾರವ್ವಾ ಮೀನಾಕ್ಷಿ, ಒಂದ್ ಹಿಡಿಕೆ ನಾನು, ಒಂದ್ ಹಿಡಿಕೆ ನೀನು. ನನಗೆ ಕೀಲುನೋವು, ನಿಧಾನಕ್ಕೆ ಎತ್ತು.”

ಕೊಳದಪ್ಪಲೆ ಒರಳಿಗೆ ಇಳಿಯಿತು, ಏರಿತು, ಬಿಸಿಲು ಬಿದ್ದ ಮಣ್ಣಿಗೆ ಬಗ್ಗಿತು. ಮತ್ತೆ ಇಳಿಯಿತು. ನೀರು ತಳ ಕಾಣುವ ಹೊತ್ತಿಗೆ ಸುತ್ತ ನಾಲ್ಕಾರು ಬಕೆಟ್ಟುಗಳು ಬಂದಿದ್ದವು. ಬಕೆಟ್ಟಿಲ್ಲದ ಬೀಗರು “ಅಲ್ಲಿ ಉಳ್ದೈತೆ, ಇಲ್ಲಿ ಉಳ್ದೈತೆ” ಎಂದು ಮೂಗಿನಿಂದ ದಾರಿ ತೋರಿಸುತ್ತಿದ್ದರು. ಒಂದು ಸಲ ಮೀನಾಕ್ಷಿ ಜಾರಿ ಗುರುಸಿದ್ದಮ್ಮನ ಮೇಲೇ ಬಿದ್ದಳು. ಇಬ್ಬರೂ ಕೆಸರಲ್ಲಿ ಕೂತು, ಏಳಲಾರದೆ, ನಗಲಾರದೆ, ನಕ್ಕರು. ಈ ಸಲ ಮೀನಾಕ್ಷಿಯ ಕಣ್ಣೂ ನಗುತ್ತಿತ್ತು.

ಮಧ್ಯಾಹ್ನಕ್ಕೆ ಗಿಡ್ಡಪ್ಪನಿಗೆ ಫೋನು ಹೋಯಿತು. “ನಿಂಬೆಹಣ್ಣು?” ಎಂದು ಕೇಳಿದ. “ನಿಂದೂ ಸೇರಿ ಎಲ್ಲಾ ಹೋದ್ವು, ಬಾರಪ್ಪಾ” ಎಂದ ಬಸವಕುಮಾರ. ಜೆಸಿಬಿ ಬಂತು, ಪೊದೆ ಮಗುಚಿತು, ಹೊಂಡ ಮುಚ್ಚಿತು. ಒರಳನ್ನು ಬೋರಲು ಹಾಕಿದರು. ಸಂಜೆ ಟ್ಯೂಷನ್ನಿನ ಹುಡುಗಿಯರು ಸುತ್ತು ಹಾಕದೆ ನೇರ ಬಂದು, ಬೋರಲು ಒರಳಿನ ಮೇಲೆ ಕೂತು ಕಡಲೆಕಾಯಿ ತಿಂದರು.

ಹೊರಡುವಾಗ ರೇವಣಸಿದ್ದಪ್ಪನವರು ಒಪ್ಪಿಗೆಯನ್ನು ಒಪ್ಪಿಗೆಯ ಹಾಗೆ ಹೇಳಲಿಲ್ಲ. “ಕೊಪ್ಪರಿಗೆ ಒಲೆ ಸರಿಯಾಗಿ ಉರೀತದಾ ನಿಮ್ಮನೇಲಿ? ಹುಡುಗೀಗೆ ನೀರು ಚೆನ್ನಾಗಿ ಕಾದಿರ್ಬೇಕು” ಎಂದಷ್ಟೇ ಹೇಳಿ ಸ್ಟೇಷನ್ ಕಡೆ ನಡೆದರು.

ಸೀಮಂತ ಮುಗಿಯಿತು. ಸಿರಿ ಬಂದಳು. ಕಾರಿನಿಂದ ಮೊದಲು ಹೊಟ್ಟೆ ಇಳಿಯಿತು, ಆಮೇಲೆ ಅವಳು. ಹಸಿರು ಬಳೆ, ಮುಡಿ ತುಂಬ ಮಲ್ಲಿಗೆ. ಬೀದಿಯೆಲ್ಲ ಬಾಗಿಲಲ್ಲಿ ನಿಂತು ನೋಡಿತು. ಇಷ್ಟು ಕಣ್ಣು ಬಿದ್ದ ಮೇಲೆ ಬಸುರಿಯನ್ನು ಹಾಗೇ ಒಳಗೆ ಕರೆಯುವುದುಂಟೇ? ಗುರುಸಿದ್ದಮ್ಮ ಅರಿಶಿನ ಸುಣ್ಣ ಕದಡಿದ ಓಕುಳಿ ತಟ್ಟೆ ತಂದು, ಹೊಸ್ತಿಲಲ್ಲಿ ನಿಲ್ಲಿಸಿ, ಮೂರು ಸುತ್ತು ಇಳಿತೆಗೆದಳು. ಕೆಂಪು ನೀರು ಹೊರಗೆ ಚೆಲ್ಲಲು ತಿರುಗಿದಳು.

ಮಗ್ಗುಲಿಗೆ ಹಾಳು ಗಾಣದ ಬಯಲು, ಬಟ್ಟಲು ತೊಳೆದಿಟ್ಟ ಹಾಗೆ. ಅದರಾಚೆ ಸೌಟು ಹಿಡಿದ ಕೆಂಚಪ್ಪ. ಈಚೆ ಸೊಂಟದ ಮೇಲೆ ಕೈಯಿಟ್ಟ ಬೋರಯ್ಯನ ಹೆಂಡತಿ. ತನ್ನ ಜಗಲಿಯಿಂದ, ಕೈಯಲ್ಲಿ ಉತ್ತರಪತ್ರಿಕೆಯ ಕಂತೆ, ಮೀನಾಕ್ಷಿ. ಎಲ್ಲರೂ ತಟ್ಟೆಯನ್ನೇ ನೋಡುತ್ತಿದ್ದರು.

“ಎಲ್ಲಿಗ್ ಹಾಕ್ತೀರಜ್ಜಿ?” ಎಂದು ಮೀನಾಕ್ಷಿ ಬಹಳ ಮೃದುವಾಗಿ ಕೇಳಿದಳು.

ಗುರುಸಿದ್ದಮ್ಮ ಬಲಕ್ಕೆ ತಿರುಗಿದಳು, ಅಲ್ಲೊಂದು ಬಾಗಿಲು. ಎಡಕ್ಕೆ ತಿರುಗಿದಳು, ಅಲ್ಲೂ ಒಂದು ಬಾಗಿಲು. ತುಳುಕುವ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಸಿರಿಯ ಪಕ್ಕದಿಂದಲೇ ಹೊಸ್ತಿಲು ದಾಟಿ, ಪಡಸಾಲೆ, ನಡುಮನೆ, ಅಡಿಗೆಮನೆ ಎಲ್ಲ ಹಾದು, ಹಿತ್ತಲಿನ ತನ್ನದೇ ತೆಂಗಿನ ಸಸಿಯ ಕಡೆಗೆ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ನಡೆದಳು. ಕೀಲುಗಳು ಕಟಕಟ ಎನ್ನುತ್ತಿದ್ದವು.

ಹಿಂದಿನಿಂದ ಸಿರಿ ಕೂಗಿದಳು: “ಅಜ್ಜೀ, ನಾನ್ ಒಳಗ್ ಬರ್ಲೋ ಬೇಡ್ವೋ? ಕಾಲು ಬಿದ್ದೋಗ್ತೈತೆ!”

“ಬಂದೆ ಕಣೇ ಕೂಸೇ, ಅಲ್ಲೇ ನಿಂತ್ಕೋ. ಅಷ್ಟರೊಳ್ಗೆ ಹೊಟ್ಟೇಲಿರೋದಕ್ಕೆ ಕೇಳಿಸೋ ಹಂಗೆ ಹೇಳ್ತೀನಿ,” ಎಂದು ಗುರುಸಿದ್ದಮ್ಮ ಹಿತ್ತಲಿನಿಂದಲೇ ದನಿಯೆತ್ತಿದಳು, “ಏಳು ಕಡಲಾಚೆ ಒಂದು ಗಿಣಿ ಇತ್ತಂತೆ...”